ಪೊಲೀಸರ ಗುಂಡಿಗೆ ಎದೆಯೊಡ್ಡುವ ಆತ್ಮಹತ್ಯೆ: ಕಾನೂನು ಕಾಣುವುದೇನು, ಮನೋವೈದ್ಯ ಹೇಳುವುದೇನು?

1997ರ ನವೆಂಬರ್ ತಿಂಗಳಲ್ಲಿ, ಅಮೆರಿಕದ ನ್ಯೂಯಾರ್ಕ್ ನಗರಕ್ಕೆ ಹೊಂದಿಕೊಂಡಿರುವ ಲಾಂಗ್ ಐಲೆಂಡಿನ ಹೆದ್ದಾರಿಯಲ್ಲಿ 19 ವರ್ಷದ ಕಾಲೇಜು ವಿದ್ಯಾರ್ಥಿಯೊಬ್ಬ ತನ್ನ ಕಾರನ್ನು ಅಡ್ಡಾದಿಡ್ಡಿಯಾಗಿ ಓಡಿಸತೊಡಗಿದ. ಪೊಲೀಸರು ಬೆನ್ನಟ್ಟಿ ನಿಲ್ಲಿಸಿದರು. ಕಾರಿನಿಂದಿಳಿದ ಯುವಕ ಪಿಸ್ತೂಲೊಂದನ್ನು ಅವರತ್ತ ಚಾಚಿದ. ಕೆಳಗಿಡುವಂತೆ ಕೂಗಿ ಹೇಳಿದರೂ ಇಡಲಿಲ್ಲ. ಪೊಲೀಸರು ಗುಂಡು ಹಾರಿಸಿದರು, ಯುವಕ ಸತ್ತ. ಆಮೇಲೆ ನೋಡಿದರೆ ಅವನ ಕೈಯಲ್ಲಿದ್ದುದು ಎರಡು ಡಾಲರೂ ಬೆಲೆಬಾಳದ ಆಟದ ಪಿಸ್ತೂಲು. ಕಾರಿನಲ್ಲಿ ಪತ್ರಗಳಿದ್ದವು. ಅವುಗಳಲ್ಲೊಂದು ತನ್ನನ್ನು ಕೊಲ್ಲಲಿರುವ, ತಾನು ಹೆಸರರಿಯದ ಪೊಲೀಸ್ ಅಧಿಕಾರಿಗೇ ಬರೆದಿಟ್ಟದ್ದು. ಇದು ನಾನೇ ಹೂಡಿದ ಯೋಜನೆ, ನಿಮ್ಮನ್ನು ಇದರಲ್ಲಿ ಸಿಲುಕಿಸಿದ್ದಕ್ಕೆ ಕ್ಷಮಿಸಿ ಎಂಬುದು ಅದರ ತಾತ್ಪರ್ಯ.

ಇಂತಹ ಸಾವಿಗೆ ಅಮೆರಿಕದ ಪತ್ರಿಕೆಗಳೂ ಪೊಲೀಸರೂ 'ಸೂಯಿಸೈಡ್ ಬೈ ಕಾಪ್' ಎಂಬ ಹೆಸರಿಟ್ಟಿದ್ದಾರೆ. ಪೊಲೀಸರ ಕೈಯಿಂದ ಮಾಡಿಕೊಂಡ ಆತ್ಮಹತ್ಯೆ ಎಂದು ನಾವು ಹೇಳಬಹುದು. ಸಾಯಬಯಸಿದವನೊಬ್ಬ ಪೊಲೀಸರನ್ನು ಬೇಕೆಂದೇ ಕೆಣಕಿ, ಅವರು ಗುಂಡು ಹಾರಿಸಲೇಬೇಕಾದ ಸ್ಥಿತಿಯನ್ನು ತಂದೊಡ್ಡುವುದು ಎಂದು ಇದರ ಅರ್ಥ. ನಮ್ಮ ದೇಶದಲ್ಲಿ 'ಎನ್‌ಕೌಂಟರ್' ಎಂದೊಡನೆ ಓದುಗರ ಮನಸ್ಸಿಗೆ ಬರುವ ಚಿತ್ರವೇ ಬೇರೆ. ಅದರ ನ್ಯಾಯಾನ್ಯಾಯದ ಚರ್ಚೆಯೂ ಬೇರೆ. ಎರಡನ್ನೂ ಬೆರೆಸಬಾರದೆಂದು ಮೊದಲೇ ವಿನಂತಿಸುತ್ತೇವೆ.

ದೂರದ ದೇಶದ ಈ ವಿಷಯ ಇಲ್ಲಿಯ ಕುಟುಂಬಗಳಿಗೆ ಏಕೆ ಎಂದು ಕೇಳುವವರಿರಬಹುದು. ಕರಾವಳಿಯ ಎಷ್ಟು ಮನೆಗಳ ಮಕ್ಕಳು ಇಂದು ಅಮೆರಿಕ, ಕೆನಡಾ, ಆಸ್ಟ್ರೇಲಿಯಗಳಲ್ಲಿ ಓದುತ್ತಿಲ್ಲ, ದುಡಿಯುತ್ತಿಲ್ಲ? ಒಂಟಿತನ, ಸಾಲ, ಕೆಲಸ ಕಳೆದುಕೊಂಡ ಅವಮಾನ ಇವು ಅವರನ್ನು ಬಿಟ್ಟಿವೆಯೇ? ಇದಲ್ಲದೆ, ಒಂದು ಸಾವಿಗೆ ನಾವಿಡುವ ಹೆಸರು ಆ ಮನೆಯವರ ಬದುಕಿನಲ್ಲಿ ಏನನ್ನು ಉಳಿಸುತ್ತದೆ, ಏನನ್ನು ಅಳಿಸುತ್ತದೆ ಎಂಬ ಪ್ರಶ್ನೆಗೆ ದೇಶದ ಗಡಿಯಿಲ್ಲ.

ತನ್ನ ಕೊಲೆಯನ್ನು ತಾನೇ ಬರಮಾಡಿಕೊಳ್ಳುವವರ ವಿಷಯದ ಶಾಸ್ತ್ರೀಯ ಚರ್ಚೆ ಇತ್ತೀಚಿನದಲ್ಲ. ಫಿಲಡೆಲ್ಫಿಯಾ ನಗರದಲ್ಲಿ 1948ರಿಂದ 1952ರವರೆಗೆ ನಡೆದ 588 ಕೊಲೆಗಳನ್ನು ಪರಿಶೀಲಿಸಿದ ಅಪರಾಧಶಾಸ್ತ್ರಜ್ಞ ಮಾರ್ವಿನ್ ವುಲ್ಫ್‌ಗ್ಯಾಂಗ್, ಸುಮಾರು ನಾಲ್ಕರಲ್ಲೊಂದು ಪ್ರಕರಣದಲ್ಲಿ ಮೊದಲು ಕೈಯೆತ್ತಿದವನು ಸತ್ತವನೇ ಎಂದು ತೋರಿಸಿದರು. ಅವರಲ್ಲಿ ಕೆಲವರಾದರೂ ಸಾವನ್ನು ಬಯಸಿಯೇ ಹಾಗೆ ಮಾಡಿರಬಹುದೆಂಬ ವಿಚಾರವನ್ನು 1959ರಲ್ಲಿ ಮುಂದಿಟ್ಟರು.

ಪೊಲೀಸರ ಗುಂಡಿನ ವಿಷಯದಲ್ಲಿ ಬಹಳವಾಗಿ ಉಲ್ಲೇಖಗೊಳ್ಳುವುದು ಲಾಸ್ ಏಂಜಲೀಸ್ ಕೌಂಟಿಯ ಅಧ್ಯಯನ. ತುರ್ತುಚಿಕಿತ್ಸಾ ವೈದ್ಯರ ತಂಡವೊಂದು ಇದನ್ನು 1998ರಲ್ಲಿ ಪ್ರಕಟಿಸಿತು. 1987ರಿಂದ 1997ರವರೆಗೆ ಅಲ್ಲಿಯ ಷರೀಫ್ ಇಲಾಖೆಯವರು ಗುಂಡು ಹಾರಿಸಿದ 437 ಪ್ರಕರಣಗಳಲ್ಲಿ 46, ಎಂದರೆ ಶೇ. 11ರಷ್ಟು, ಈ ಬಗೆಯವು ಎಂದು ಅವರು ಕಂಡುಕೊಂಡರು. 2009ರಲ್ಲಿ ಮೊಹಾಂಡಿ, ಮೆಲಾಯ್ ಮತ್ತು ಕಾಲಿನ್ಸ್ ಎಂಬವರು ಉತ್ತರ ಅಮೆರಿಕದ 707 ಪ್ರಕರಣಗಳನ್ನು ನೋಡಿ, ಶೇ. 36ರಷ್ಟು ಇಂತಹವು ಎಂದರು. ಹನ್ನೊಂದೆಲ್ಲಿ, ಮೂವತ್ತಾರೆಲ್ಲಿ! ಅಮೆರಿಕನ್ನರ ಮನಸ್ಸು ಹತ್ತು ವರ್ಷಗಳಲ್ಲಿ ಮೂರು ಪಟ್ಟು ಕೆಟ್ಟಿತೆಂದು ಇದರಿಂದ ತಿಳಿಯಬಾರದು. ಮೊದಲನೆಯದರಲ್ಲಿ ಒಂದು ಇಲಾಖೆಯ ಎಲ್ಲ ಪ್ರಕರಣಗಳೂ ಇದ್ದವು. ಎರಡನೆಯದರಲ್ಲಿದ್ದುದು ಬೇರೆ ಬೇರೆ ಪೊಲೀಸ್ ಇಲಾಖೆಗಳಿಂದ ಬಂದ ಕಡತಗಳು. ಸತ್ತವನ ಮನಸ್ಸನ್ನು ಅಳೆಯುವ ಕೋಲು ಸ್ವಲ್ಪ ಉದ್ದವಾದರೆ ಸಂಖ್ಯೆಯೂ ಉದ್ದವಾಗುತ್ತದೆ ಎಂಬುದೇ ಇಲ್ಲಿಯ ಪಾಠ. ಈ ಹೆಸರನ್ನು ಬಳಸುವವರು ಇದನ್ನು ಮರೆಯಬಾರದು.

ಆದರೆ ಎರಡೂ ಅಧ್ಯಯನಗಳು ಹೇಳುವ ಕೆಲವು ಮಾತುಗಳು ಗಮನಾರ್ಹ. ಇವರಲ್ಲಿ ಬಹುಪಾಲು ಎಲ್ಲರೂ ಗಂಡಸರು. ಹಲವರಿಗೆ ಮನೋವ್ಯಾಧಿಯ ಹಿನ್ನೆಲೆಯಿತ್ತು. ಕುಡಿತ, ಮಾದಕ ಪದಾರ್ಥ, ಮನೆಯೊಳಗಿನ ಜಗಳ ಮತ್ತೆ ಮತ್ತೆ ಕಾಣುತ್ತವೆ. ಎರಡನೆಯ ಅಧ್ಯಯನದ ಪ್ರಕಾರ ಶೇ. 87ರಷ್ಟು ಮಂದಿ ತಾವು ಸಾಯಬೇಕೆಂಬುದನ್ನು ಘಟನೆಗೆ ಮುನ್ನವೋ ಘಟನೆಯ ನಡುವೆಯೋ ಯಾರಿಗಾದರೂ ತಿಳಿಸಿದ್ದರು. ಲಾಸ್ ಏಂಜಲೀಸಿನ ಅಧ್ಯಯನದಲ್ಲಿಯಾದರೋ, ಪೊಲೀಸರು ಸ್ಥಳಕ್ಕೆ ಬಂದದ್ದಕ್ಕೂ ಗುಂಡು ಹಾರಿದ್ದಕ್ಕೂ ನಡುವಿನ ಅವಧಿ ಅರ್ಧದಷ್ಟು ಪ್ರಕರಣಗಳಲ್ಲಿ ಹದಿನೈದು ನಿಮಿಷಗಳೊಳಗೆ ಮುಗಿದಿತ್ತು. ಈ ಎರಡು ಸಂಗತಿಗಳನ್ನು ಜೊತೆಗಿಟ್ಟು ನೋಡಿರಿ. ಹೇಳುವವನು ಮೊದಲೇ ಹೇಳಿದ್ದಾನೆ. ಕೇಳಿಸಿಕೊಂಡವರಿಂದ ಬಾಗಿಲಲ್ಲಿ ನಿಂತ ಪೊಲೀಸನವರೆಗೆ ಆ ಮಾತು ತಲುಪಲು ಕಾಲು ಗಂಟೆಯೂ ಇಲ್ಲ.

ಸಾಯಬಯಸುವವನ ಮನಸ್ಸು ಕೊನೆಯ ಗಳಿಗೆಯವರೆಗೂ ಎರಡಾಗಿರುತ್ತದೆ, ಒಂದು ಪಾಲು ಸಾಯಬೇಕೆಂದರೆ ಇನ್ನೊಂದು ಪಾಲು ಯಾರಾದರೂ ತಡೆಯಲಿ ಎನ್ನುತ್ತದೆ ಎಂದು ಮನೋವೈದ್ಯರು ಹೇಳುತ್ತಾರೆ. ಪೊಲೀಸರನ್ನು ಕರೆಸಿಕೊಳ್ಳುವವನಲ್ಲಿ ಈ ಇಬ್ಬಗೆ ಮತ್ತಷ್ಟು ಸ್ಪಷ್ಟ. ಕೊಲ್ಲಬಲ್ಲವರೂ ಅವರೇ, ಉಳಿಸಬಲ್ಲವರೂ ಅವರೇ. ಇನ್ನೊಂದು ಎಚ್ಚರಿಕೆಯನ್ನೂ ಇಲ್ಲಿ ಹೇಳಬೇಕು. ಚಾಕು ಹಿಡಿದು ನಿಂತವನು ಪೊಲೀಸರ ಆಜ್ಞೆಯನ್ನು ಪಾಲಿಸಲಿಲ್ಲವೆಂದ ಮಾತ್ರಕ್ಕೆ ಅವನು ಸಾವನ್ನೇ ಬಯಸಿದ್ದನೆಂದು ತೀರ್ಮಾನಿಸುವುದು ತಪ್ಪು. ತೀವ್ರವಾದ ಚಿತ್ತವಿಕಲತೆಯಲ್ಲಿರುವವನಿಗೆ ಎದುರಿಗಿರುವವರು ಪೊಲೀಸರೆಂದೇ ತಿಳಿಯದಿರಬಹುದು. ತನ್ನನ್ನು ಕೊಲ್ಲಬಂದವರೆಂದು ಹೆದರಿ ಚಾಕು ಎತ್ತಿರಬಹುದು. ಅವನು ಬದುಕಲು ಹೋರಾಡಿದ್ದಾನೆ. ಅವನ ಸಾವನ್ನೂ ಆತ್ಮಹತ್ಯೆಯ ಲೆಕ್ಕಕ್ಕೆ ಸೇರಿಸಿದರೆ ಅದು ಸತ್ತವನಿಗೆ ಮಾಡುವ ಎರಡನೆಯ ಅನ್ಯಾಯ.

ತನ್ನ ಕೈಯಿಂದ ಸಾಯುವ ಬದಲು ಇನ್ನೊಬ್ಬರ ಕೈಯನ್ನೇಕೆ ಹುಡುಕಬೇಕು? ಧೈರ್ಯ ಸಾಲದೆ, ಕುಟುಂಬಕ್ಕೆ ಕಳಂಕ ಬಾರದಿರಲೆಂದು, ಆತ್ಮಹತ್ಯೆ ಪಾಪವೆಂಬ ಭಯದಿಂದ, ಹೀಗೆ ಹಲವು ಕಾರಣಗಳನ್ನು ಹೇಳುತ್ತಾರೆ. ಕೊನೆಯ ಕಾರಣದ ಹಿಂದೆ ಒಂದು ಘೋರ ಚರಿತ್ರೆಯೇ ಇದೆ. ಹದಿನೇಳು ಮತ್ತು ಹದಿನೆಂಟನೆಯ ಶತಮಾನಗಳಲ್ಲಿ ಜರ್ಮನ್ ನಾಡುಗಳಲ್ಲಿಯೂ ಡೆನ್ಮಾರ್ಕ್, ಸ್ವೀಡನ್‌ಗಳಲ್ಲಿಯೂ, ಬದುಕಿನಲ್ಲಿ ಬೇಸತ್ತ ಕೆಲವರು ಯಾವುದೋ ಮಗುವನ್ನು ಕೊಂದು ನೇರವಾಗಿ ನ್ಯಾಯಾಧಿಕಾರಿಗಳ ಬಳಿ ಹೋಗಿ ಶರಣಾಗುತ್ತಿದ್ದರು. ಆತ್ಮಹತ್ಯೆ ಮಾಡಿಕೊಂಡರೆ ನರಕ. ಕೊಲೆ ಮಾಡಿ ಮರಣದಂಡನೆಗೆ ಗುರಿಯಾದರೆ ಪಶ್ಚಾತ್ತಾಪಕ್ಕೆ ಸಮಯವಿದೆ, ಧರ್ಮಗುರುವಿನ ಸಾನ್ನಿಧ್ಯವಿದೆ. ಪಾಪವರಿಯದ ಮಗುವಂತೂ ಸ್ವರ್ಗಕ್ಕೇ ಹೋಗುತ್ತದೆ ಎಂಬುದು ಅವರ ತರ್ಕ! ಇದು ಹೆಚ್ಚಾಗಿ ಲೂಥರನ್ ನಾಡುಗಳ ಕಥೆಯಾದರೂ ಕಥೋಲಿಕರ ವಿಯೆನ್ನಾದಲ್ಲಿಯೂ ನಡೆದದ್ದುಂಟು. ಡೆನ್ಮಾರ್ಕಿನ ಅರಸು 1767ರಲ್ಲಿ ಒಂದು ರಾಜಾಜ್ಞೆ ಹೊರಡಿಸಿ, ಸಾಯುವ ಉದ್ದೇಶದಿಂದಲೇ ಕೊಲೆ ಮಾಡಿದವರಿಗೆ ಮರಣದಂಡನೆಯಿಲ್ಲ, ಆಜೀವ ಕಠಿಣ ದುಡಿಮೆಯೇ ಶಿಕ್ಷೆ ಎಂದು ಸಾರಿದ. ಆ ಶಿಕ್ಷೆಯ ಕ್ರೌರ್ಯವನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಸಾಯಬಯಸುವವನು ಪ್ರಭುತ್ವದ ಕತ್ತಿಯನ್ನು ತನ್ನ ಸಾಧನವಾಗಿ ಮಾಡಿಕೊಂಡಾಗ, ಕತ್ತಿಯನ್ನು ಹಿಂದೆಗೆಯುವ ಅಧಿಕಾರ ಪ್ರಭುತ್ವಕ್ಕಿದೆ ಎಂಬುದನ್ನು ಅವರು ಕಂಡುಕೊಂಡರು. ಇಂದಿನ ಪೊಲೀಸ್ ತರಬೇತಿಯೂ ಬಹು ತಡವಾಗಿ ಇದೇ ಸ್ಥಳಕ್ಕೆ ಬಂದಿದೆ. ಆ ಮಾತು ಮುಂದೆ ಬರುತ್ತದೆ.

ಧರ್ಮಸಭೆಯ ನಿಲುವಿನ ಬಗ್ಗೆ ನಮ್ಮ ಹಿರಿಯರಲ್ಲಿ ಅನೇಕರಿಗೆ ಇಂದಿಗೂ ಹಳೆಯ ತಿಳುವಳಿಕೆಯೇ ಇದೆ. 1917ರ ಧರ್ಮಸಭಾ ಕಾನೂನು ಸಂಹಿತೆ, ಬುದ್ಧಿಪೂರ್ವಕವಾಗಿ ಆತ್ಮಹತ್ಯೆ ಮಾಡಿಕೊಂಡವರಿಗೆ ಕ್ರೈಸ್ತ ಅಂತ್ಯಸಂಸ್ಕಾರವನ್ನು ನಿರಾಕರಿಸಿತ್ತು. 1983ರ ಸಂಹಿತೆಯಲ್ಲಿ ಆ ನಿಷೇಧವಿಲ್ಲ. ತೀವ್ರವಾದ ಮಾನಸಿಕ ಕ್ಷೋಭೆ, ಯಾತನೆ, ಭಯಗಳು ಆತ್ಮಹತ್ಯೆಗೈದವನ ಹೊಣೆಗಾರಿಕೆಯನ್ನು ಕುಂದಿಸಬಲ್ಲವೆಂದೂ, ಅಂತಹವರ ಶಾಶ್ವತ ರಕ್ಷಣೆಯ ವಿಷಯದಲ್ಲಿ ಹತಾಶರಾಗಬಾರದೆಂದೂ 1992ರ ಧರ್ಮೋಪದೇಶ ಗ್ರಂಥ ತನ್ನ 2282 ಮತ್ತು 2283ನೆಯ ಪರಿಚ್ಛೇದಗಳಲ್ಲಿ ಹೇಳುತ್ತದೆ. ಹೆಣದ ಮುಂದೆ ನಿಂತು ಸತ್ತವನ ಉದ್ದೇಶವನ್ನು ತೂಗುವ ಕೆಲಸವನ್ನು ಧರ್ಮಸಭೆಯೇ ಬಿಟ್ಟುಕೊಟ್ಟಿರುವಾಗ, ನೆರೆಹೊರೆಯವರು ಅದನ್ನು ಕೈಗೆತ್ತಿಕೊಳ್ಳುವುದು ಎಷ್ಟು ಸರಿ?

ಇನ್ನು ಕಾನೂನಿನ ಮಾತು. ಕೊಲ್ಲುವ ಬಲವನ್ನು ಅಮೆರಿಕದ ಪೊಲೀಸರು ಯಾವಾಗ ಬಳಸಬಹುದೆಂಬುದಕ್ಕೆ ಅಲ್ಲಿಯ ಸರ್ವೋಚ್ಚ ನ್ಯಾಯಾಲಯದ ಎರಡು ತೀರ್ಪುಗಳು ಆಧಾರ. ಓಡಿಹೋಗುತ್ತಿರುವನೆಂಬ ಒಂದೇ ಕಾರಣಕ್ಕೆ ಗುಂಡಿಕ್ಕುವಂತಿಲ್ಲ, ಆತನಿಂದ ಸಾವಿನ ಅಥವಾ ಗಂಭೀರ ಗಾಯದ ಅಪಾಯವಿರಬೇಕು ಎಂದಿತು ಟೆನೆಸ್ಸಿ ವಿರುದ್ಧ ಗಾರ್ನರ್ ಪ್ರಕರಣದ 1985ರ ತೀರ್ಪು. ಸ್ಥಳದಲ್ಲಿದ್ದ ವಿವೇಕಿಯಾದ ಅಧಿಕಾರಿಯ ದೃಷ್ಟಿಯಿಂದ ನೋಡಬೇಕು, ಆಮೇಲೆ ತಿಳಿದುಬಂದುದನ್ನು ಹಿಡಿದು ಅಳೆಯಬಾರದು ಎಂದಿತು ಗ್ರಹಾಂ ವಿರುದ್ಧ ಕಾನರ್ ಪ್ರಕರಣದ 1989ರ ತೀರ್ಪು. ಈ ಎರಡನೆಯ ಪ್ರಕರಣದ ಮೂಲವನ್ನು ನೆನೆದರೆ ವಿಷಾದದ ನಗು ಬರುತ್ತದೆ. ದೂರು ತಂದವನು ಸಕ್ಕರೆ ಕಾಯಿಲೆಯ ರೋಗಿ. ರಕ್ತದ ಸಕ್ಕರೆ ಇಳಿದಾಗ ಕಿತ್ತಳೆ ರಸ ಕೊಳ್ಳಲು ಅಂಗಡಿಗೆ ಧಾವಿಸಿ, ಸರತಿಯ ಸಾಲನ್ನು ಕಂಡು ಅಷ್ಟೇ ಅವಸರದಿಂದ ಹೊರಬಂದ. ಪೊಲೀಸರು ಕಳ್ಳನೆಂದು ಸಂಶಯಿಸಿ ತಡೆದರು, ಕುಡುಕನೆಂದು ಎಣಿಸಿ ಕೈಕೋಳ ತೊಡಿಸಿದರು. ಆ ಎಳೆದಾಟದಲ್ಲಿ ಅವನ ಪಾದದ ಎಲುಬು ಮುರಿಯಿತು. ಪೊಲೀಸ್ ಬಲಪ್ರಯೋಗವನ್ನು ಅಳೆಯುವ ಅಮೆರಿಕದ ಮಾನದಂಡವು ರೋಗವನ್ನು ದುಷ್ಟತನವೆಂದು ತಪ್ಪಾಗಿ ಓದಿದ ಒಂದು ಘಟನೆಯಿಂದ ಹುಟ್ಟಿತು!

ಈ ಮಾನದಂಡದಲ್ಲಿ ಸತ್ತವನ ಮನದಾಳದ ಇಂಗಿತಕ್ಕೆ ಹೆಚ್ಚಿನ ಸ್ಥಾನವಿಲ್ಲ. ಪಿಸ್ತೂಲು ಆಟದ್ದೋ ನಿಜವೋ ಎಂದು ತಿಳಿಯದ ಅಧಿಕಾರಿ ಗುಂಡು ಹಾರಿಸಿದರೆ ಅವನು ತಪ್ಪಿತಸ್ಥನಲ್ಲ. ಲಾಂಗ್ ಐಲೆಂಡಿನಂತಹ ಪ್ರಕರಣದಲ್ಲಿ ಇದು ನ್ಯಾಯವೇ ಎಂದು ನಮ್ಮ ಅಭಿಪ್ರಾಯ. ಆದರೆ ಮರಣೋತ್ತರ ತನಿಖೆಯ ಅಧಿಕಾರಿ ತನ್ನ ಕಾಗದದಲ್ಲಿ ಏನೆಂದು ಬರೆಯಬೇಕು? ಸಹಜ, ಅಪಘಾತ, ಆತ್ಮಹತ್ಯೆ, ನರಹತ್ಯೆ, ಅನಿರ್ಧರಿತ ಎಂಬ ಐದು ಕಲಮುಗಳು ಅವನ ಮುಂದಿವೆ. ಲಾಸ್ ಏಂಜಲೀಸಿನ ಆ ಅಧ್ಯಯನದಲ್ಲಿನ ಸಾವುಗಳೆಲ್ಲ ನರಹತ್ಯೆ ಎಂದೇ ದಾಖಲಾಗಿದ್ದವು. ಆ ಕಲಮಿನಲ್ಲಿ ನರಹತ್ಯೆ ಎಂದರೆ ಅಪರಾಧವೆಂದಲ್ಲ, ಇನ್ನೊಬ್ಬರ ಕೈಯಿಂದಾದ ಸಾವು ಎಂದಷ್ಟೇ ಅರ್ಥ. ಆದರೂ ಗುಂಡು ಹಾರಿಸಿದ ಪೊಲೀಸನಿಗೆ ಆ ಪದ ಜೀವನಪೂರ್ತಿ ಚುಚ್ಚುತ್ತದೆ. ಆತ್ಮಹತ್ಯೆ ಎಂದು ಬರೆದರೆ ಸತ್ತವನ ತಾಯಿಯನ್ನು ಚುಚ್ಚುತ್ತದೆ. ವಿಮೆಯ ಹಣಕ್ಕೂ ಈ ಒಂದು ಪದ ತೊಡಕಾಗಬಹುದು.

ನ್ಯಾಯಾಲಯಗಳಲ್ಲಿ ಈ ಹೆಸರು ಇನ್ನೊಂದು ರೂಪ ತಾಳುತ್ತದೆ. ಸತ್ತವನ ಕುಟುಂಬ ಪರಿಹಾರಕ್ಕಾಗಿ ದಾವೆ ಹೂಡಿದರೆ, ಅವನು ಸಾಯಲೆಂದೇ ಬಂದಿದ್ದ ಎಂಬ ವಾದವನ್ನು ನಗರಾಡಳಿತದ ವಕೀಲರು ಎತ್ತುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋದ ಒಂದು ಪ್ರಕರಣದಲ್ಲಿ, ಅಧಿಕಾರಿಗಳಿಗೆ ಆಗ ತಿಳಿದಿರದ ಹಿಂದಿನ ಸಂಗತಿಗಳನ್ನೂ ಈ ವಾದಕ್ಕೆ ಪುರಾವೆಯಾಗಿ ಜ್ಯೂರಿಯ ಮುಂದಿಟ್ಟುದು ಸರಿಯೆಂದು 2009ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಸತ್ತವನು ಏನು ಮಾಡಿದನೆಂಬ ಬಗ್ಗೆಯೇ ವಿವಾದವಿದ್ದಾಗ, ಅವನ ಉದ್ದೇಶ ಅದಕ್ಕೆ ಬೆಳಕು ಚೆಲ್ಲುತ್ತದೆ ಎಂಬುದು ಅಲ್ಲಿಯ ತರ್ಕ. ತರ್ಕವೇನೋ ಇದೆ. ಆದರೆ ಪೊಲೀಸರಿಗೆ ಆಗ ತಿಳಿಯದಿದ್ದ ಸಂಗತಿ ಅವರ ವಿರುದ್ಧ ಸಲ್ಲದು, ಅವರ ಪರವಾಗಿ ಮಾತ್ರ ಸಲ್ಲುತ್ತದೆ ಎಂದರೆ ತಕ್ಕಡಿ ಸಮವಾಗಿದೆಯೇ?

ಸ್ಯಾನ್ ಡಿಯೇಗೋ ಕೌಂಟಿಯ ಪ್ರಕರಣವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. 2006ರ ಸೆಪ್ಟೆಂಬರಿನಲ್ಲಿ ಒಂದು ಮನೆಯಲ್ಲಿ ಗಲಾಟೆಯಾಗುತ್ತಿದೆಯೆಂದು ಕರೆ ಬಂದು ಇಬ್ಬರು ಅಧಿಕಾರಿಗಳು ಹೋದರು. ಮನೆಯೊಳಗಿರುವವನು ಆ ರಾತ್ರಿಯೇ ಪ್ರಾಣ ಕಳೆದುಕೊಳ್ಳಲು ಯತ್ನಿಸಿದ್ದಾನೆಂದು ಅವನ ಗೆಳತಿ ತಿಳಿಸಿದಳು. ನಾಲ್ಕು ತಿಂಗಳ ಹಿಂದೆ ಚಾಕುವಿನಿಂದ ಅಂತಹುದೇ ಯತ್ನ ನಡೆಸಿ ಆತ ರಕ್ಷಣಾ ವಶದಲ್ಲಿದ್ದ ದಾಖಲೆಯೂ ಇತ್ತು. ಅದು ಬಂದವರಿಗೆ ತಿಳಿದಿರಲಿಲ್ಲ. ಅವರು ಒಳಗೆ ಹೋದರು. ಕೈ ತೋರಿಸೆಂದಾಗ ಅವನು ಕೈಗಳನ್ನೆತ್ತಿಕೊಂಡು ಅವರತ್ತ ಬಂದ; ಒಂದು ಕೈಯಲ್ಲಿ ದೊಡ್ಡ ಚಾಕು. ಇಬ್ಬರೂ ಗುಂಡು ಹಾರಿಸಿದರು. ದಾವೆ ಹೂಡಿದವಳು ಅವನ ಅಪ್ರಾಪ್ತ ವಯಸ್ಸಿನ ಮಗಳು. ಗುಂಡು ಹಾರಿದ ಕ್ಷಣವನ್ನಷ್ಟೇ ನೋಡಿದರೆ ಅವರ ತಪ್ಪು ಕಾಣದು. ಆದರೆ ನಿರ್ಲಕ್ಷ್ಯದ ಪ್ರಶ್ನೆ ಬಂದಾಗ ಅದಕ್ಕೆ ಮೊದಲಿನ ತಂತ್ರವನ್ನೂ, ಒಳಗೆ ನುಗ್ಗಿದ ರೀತಿಯನ್ನೂ ಪರಿಗಣಿಸಬೇಕೆಂದು ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ತೀರ್ಪಿತ್ತಿತು. ಇದು ಆ ಒಂದು ರಾಜ್ಯದ ಕಾನೂನು. ರಾಷ್ಟ್ರದ ಸಂವಿಧಾನದ ಮಟ್ಟದಲ್ಲಿ, ಗುಂಡು ಹಾರಿದ ಕ್ಷಣವನ್ನು ಮಾತ್ರ ನೋಡುವ ಕೆಳ ನ್ಯಾಯಾಲಯಗಳ ಪದ್ಧತಿಯನ್ನು 2025ರ ಮೇ ತಿಂಗಳಲ್ಲಿ ಬಾರ್ನ್ಸ್ ವಿರುದ್ಧ ಫೆಲಿಕ್ಸ್ ಪ್ರಕರಣದಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಒಮ್ಮತದಿಂದ ತಳ್ಳಿಹಾಕಿತು. ಅಧಿಕಾರಿಯೇ ಅಪಾಯವನ್ನು ಸೃಷ್ಟಿಸಿದ್ದರೆ ಏನು ಎಂಬ ಪ್ರಶ್ನೆಯನ್ನು ಮಾತ್ರ ಆ ತೀರ್ಪು ಬಗೆಹರಿಸದೆ ಬಿಟ್ಟಿದೆ.

ನಮಗೆ ತೋರುವುದಿಷ್ಟು: ಈ ಹೆಸರು ಸಾವಿನ ನಂತರ ಹಚ್ಚುವ ಚೀಟಿಯಾದಾಗ ತನಿಖೆಯ ಬಾಗಿಲನ್ನು ಮುಚ್ಚುತ್ತದೆ, ಸಾವಿಗೆ ಮುನ್ನ ಎಚ್ಚರಿಕೆಯಾದಾಗ ಜೀವ ಉಳಿಸುತ್ತದೆ. ಮೆಂಫಿಸ್ ನಗರದಲ್ಲಿ 1987ರಲ್ಲಿ ಚಾಕು ಹಿಡಿದಿದ್ದ ಮಾನಸಿಕ ರೋಗಿಯೊಬ್ಬನನ್ನು ಪೊಲೀಸರು ಗುಂಡಿಕ್ಕಿ ಕೊಂದ ಬಳಿಕ, ಸ್ವಯಂಪ್ರೇರಣೆಯಿಂದ ಮುಂದೆ ಬಂದ ಪೊಲೀಸರಿಗೆ ಮನೋರೋಗಗಳ ಬಗ್ಗೆ 40 ಗಂಟೆಗಳ ತರಬೇತಿ ಕೊಡುವ ಯೋಜನೆ 1988ರಲ್ಲಿ ಆರಂಭವಾಯಿತು. ಗಾರ್ನರ್ ಪ್ರಕರಣವೂ ಇದೇ ಊರಿನದೆಂಬುದು ಗಮನಾರ್ಹ. ಈ ಮಾದರಿ ಅಮೆರಿಕದಾದ್ಯಂತ ಹಬ್ಬಿದೆ. ಪೊಲೀಸರ ತಿಳುವಳಿಕೆ ಹೆಚ್ಚಿದೆ. ಸಾವುಗಳು ಇಳಿದವೆಂದು ತೋರಿಸುವ ಪುರಾವೆ ಮಾತ್ರ ಇನ್ನೂ ಗಟ್ಟಿಯಾಗಿಲ್ಲ. ಪೊಲೀಸ್ ಮುಖ್ಯಸ್ಥರ ಸಂಶೋಧನಾ ವೇದಿಕೆಯೊಂದು 2019ರಲ್ಲಿ ಈ ವಿಷಯಕ್ಕೇ ಮೀಸಲಾದ ಮಾರ್ಗದರ್ಶಿಯನ್ನು ಹೊರತಂದಿತು. ಎದುರಿಗಿರುವವನ ಕೈಯಲ್ಲಿ ಬಂದೂಕಿಲ್ಲದಿದ್ದರೆ ದೂರ ನಿಲ್ಲಿ, ಬಂದೂಕನ್ನು ಅವನತ್ತ ಗುರಿ ಹಿಡಿಯಬೇಡಿ, ಒಬ್ಬರೇ ಮೆಲುದನಿಯಲ್ಲಿ ಮಾತಾಡಿ, ಸಾಯಬೇಕೆಂದಿದ್ದೀಯಾ ಎಂದು ನೇರವಾಗಿ ಕೇಳಿ ಎಂಬುದು ಅದರ ಸಾರ. ಡೆನ್ಮಾರ್ಕಿನ ಅರಸು ಕಂಡ ಮಾತೇ ಇದು. ಇಲ್ಲಿ ಕ್ರೌರ್ಯವಿಲ್ಲ, ಅಷ್ಟೇ.

ನಮ್ಮ ನಾಡಿನಲ್ಲಿ ಗಸ್ತು ಪೊಲೀಸನ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಲಾಠಿ. ಆದಕಾರಣ ಈ ಬಗೆಯ ಸಾವು ಇಲ್ಲಿ ಹೆಚ್ಚಾಗಿ ಕೇಳಿಬರುವುದಿಲ್ಲ. ಆದರೆ ನಮ್ಮ ಕಾನೂನಿನಲ್ಲಿಯೂ ಒಂದು ಗೊಂದಲ ಕುಳಿತಿದೆ. ಆತ್ಮಹತ್ಯೆಗೆ ಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಅವನನ್ನು ವಿಚಾರಣೆಗೆ ಗುರಿಪಡಿಸಬಾರದು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯಿದೆಯ 115ನೆಯ ಕಲಮು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಹಳೆಯ 309ನೆಯ ಕಲಮನ್ನು ಕೈಬಿಟ್ಟಿತಾದರೂ, ಸರಕಾರಿ ನೌಕರನ ಕರ್ತವ್ಯಕ್ಕೆ ತಡೆಯೊಡ್ಡಲು ಅಥವಾ ಅವನನ್ನು ಒತ್ತಾಯಪಡಿಸಲು ಆತ್ಮಹತ್ಯೆಗೆ ಯತ್ನಿಸಿದವನಿಗೆ ತನ್ನ 226ನೆಯ ಕಲಮಿನಲ್ಲಿ ಒಂದು ವರ್ಷದವರೆಗಿನ ಸಜೆ, ದಂಡ ಅಥವಾ ಸಮುದಾಯ ಸೇವೆಯನ್ನು ವಿಧಿಸಿದೆ. ಕಚೇರಿಯ ಮುಂದೆ ವಿಷದ ಬಾಟಲಿ ಹಿಡಿದು ನಿಂತ ರೈತ ಅಧಿಕಾರಿಯನ್ನು ಬೆದರಿಸುತ್ತಿದ್ದಾನೆಯೇ, ಒತ್ತಡದಲ್ಲಿ ಕುಸಿದಿದ್ದಾನೆಯೇ? ಎರಡೂ ಇರಬಹುದಲ್ಲವೇ?

ವಿದೇಶದಲ್ಲಿ ಮಕ್ಕಳಿರುವವರಿಗೆ ಕೆಲವು ಮಾತು. ಅಮೆರಿಕದಲ್ಲಿ 2022ರ ಜುಲೈಯಿಂದ 988 ಎಂಬ ಸಂಖ್ಯೆಗೆ ಕರೆಮಾಡಿದರೆ ಮಾನಸಿಕ ಸಂಕಟದಲ್ಲಿರುವವರೊಡನೆ ತರಬೇತಾದವರು ಮಾತನಾಡುತ್ತಾರೆ. ಕೆನಡಾದಲ್ಲಿಯೂ 2023ರ ಕೊನೆಯಿಂದ ಇದೇ ಸಂಖ್ಯೆ ಇದೆ. ಪೊಲೀಸರನ್ನು ಕರೆಯುವ 911ಕ್ಕಿಂತ ಇದು ಬೇರೆ. ಪ್ರಾಣಾಪಾಯವಿದ್ದು 911ನ್ನೇ ಕರೆಯಬೇಕಾಗಿ ಬಂದರೆ ಜಗಳವಾಗುತ್ತಿದೆ ಎಂದಷ್ಟೇ ಹೇಳಿ ನಿಲ್ಲಿಸಬಾರದು. ಆತನಿಗಿರುವ ಕಾಯಿಲೆ, ಸಾಯುವ ಮಾತಾಡಿದ್ದಾನೆಯೇ, ಮನೆಯಲ್ಲಿ ಬಂದೂಕು ಇದೆಯೇ ಇಲ್ಲವೇ, ಯಾವ ಭಾಷೆಯಲ್ಲಿ ಮಾತಾಡಿದರೆ ಕೇಳುತ್ತಾನೆ ಎಂಬುದನ್ನೆಲ್ಲ ಹೇಳಬೇಕು. ಮನೋರೋಗಗಳ ತರಬೇತಿ ಪಡೆದ ಅಧಿಕಾರಿಯನ್ನು ಕಳುಹಿಸುವಂತೆ ಕೇಳಬೇಕು. ಊರಿನಲ್ಲಿರುವವರಿಗೆ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್‌ನಿಂದ ಇದೆ. ಸಂಖ್ಯೆ 14416, ಶುಲ್ಕವಿಲ್ಲ, ಹಗಲು ರಾತ್ರಿಯೆನ್ನದೆ ಕನ್ನಡದಲ್ಲಿಯೇ ಮಾತನಾಡಬಹುದು. ಸಂಕಟದಲ್ಲಿರುವವನು ತಾನಾಗಿ ಕರೆಮಾಡದಿದ್ದರೆ ಅವನ ಬಗ್ಗೆ ಚಿಂತೆಯಿರುವ ತಾಯಿಯೋ ತಂಗಿಯೋ ಕರೆಮಾಡಿ ಸಲಹೆ ಕೇಳಬಹುದು.